ತಡಿ, ತಡಿ, ಈಗ

ಮಾರ್ಚ್ ೩

ಅಣ್ಣಾ,

ಬಂದು ಹನ್ನೆರಡು ದಿನವಾದ ಮೇಲೆ ಬರೆಯುತ್ತಿದ್ದಾಳೆ ಎಂದು ಮುಖ ಊದಿಸಿಕೊಳ್ಳಬೇಡ. ಟೈಪಿಸ್ಟ್ ಕೆಲಸ ಬಿಟ್ಟು ವಿಮಾನ ಕಲಿಯುತ್ತೇನೆ ಎಂದ ದಿನ ನೀನು ಊದಿಸಿದ ಮುಖವೇ ಇನ್ನೂ ಇಳಿದಿರಲಿಕ್ಕಿಲ್ಲ. ನೀನೇ ಒಂದು ಕಾಲದಲ್ಲಿ ಹಾರುವುದನ್ನು ಕಲಿಸುತ್ತಿದ್ದವನು, ಕಿವಿ ಕೆಟ್ಟಿತು ಎಂದು ಬಿಟ್ಟವನು. ತಂಗಿ ಹಾರಿದರೆ ನಿನಗೇನು ಸಂಕಟವೋ ನಾ ಕಾಣೆ.

ಇಲ್ಲಿ ರನ್‌ವೇ ಎಂದರೆ ಹುಲ್ಲು. ಡಾಂಬರಿಲ್ಲ, ಗೆರೆಯಿಲ್ಲ, ದೀಪವಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ನಾವೆಲ್ಲ ಸಾಲಾಗಿ ಅದರ ಉದ್ದಕ್ಕೂ ನಡೆಯಬೇಕು. ಎಲ್ಲಿ ಇಲಿ ಬಿಲ ತೋಡಿದೆ, ಎಲ್ಲಿ ಕಲ್ಲು ಎದ್ದಿದೆ, ಎಲ್ಲಿ ನೆಲ ಮೆತ್ತಗಾಗಿದೆ ಎಂದು ಕಾಲಲ್ಲೇ ನೋಡಬೇಕು. ನನ್ನ ಎರಡು ಜೊತೆ ಬೂಟು ಆಗಲೇ ಹಸಿರು ಬಣ್ಣಕ್ಕೆ ತಿರುಗಿವೆ.

ವಿಮಾನಕ್ಕೆ ಎರಡು ಸೀಟು, ಒಂದರ ಹಿಂದೆ ಒಂದು. ಮುಂದೆ ಮೇಷ್ಟ್ರು, ಹಿಂದೆ ನಾನು. ಅವರ ಬೋಳುತಲೆಯೇ ನನಗೆ ದಿಗಂತ. ಎರಡು ಸೀಟಿಗೂ ವಿಮಾನದ ಮೂಗನ್ನು ಏರಿಸಿ ಇಳಿಸುವ ಕೋಲು, ಅಂದರೆ ಸ್ಟಿಕ್ಕು, ಒಂದೊಂದು ಇದೆ, ಕೆಳಗೆ ಎರಡಕ್ಕೂ ಕೊಂಡಿ ಹಾಕಿದೆ. ಅವರು ಎಳೆದರೆ ನನ್ನದೂ ಹಿಂದೆ ಬರುತ್ತದೆ. ನೆಲ ಹತ್ತಿರ ಬಂದಾಗ ಸರಿಯಾದ ಹೊತ್ತಿಗೆ ಎಳೆದರೆ ಮೂಗು ಎದ್ದು ವಿಮಾನ ಮೆಲ್ಲಗೆ ಕೂರುತ್ತದೆ, ಎಳೆಯದಿದ್ದರೆ ಮೂಗು ನೆಲಕ್ಕೆ. ಇದೆಲ್ಲ ನಿನಗೆ ಗೊತ್ತು, ಅತ್ತಿಗೆಗಾಗಿ ಬರೆದೆ.

ಈಗ ತಮಾಷೆ ಕೇಳು. ನಿನ್ನೆ ಸಂಜೆ ನಾಲ್ಕಕ್ಕೆ ಇಳಿಯುವಾಗ ನನಗೆ ಕೈಕಾಲೇ ಆಡಲಿಲ್ಲ. ಸ್ಟಿಕ್ಕಿನ ಮೇಲೆ ಬೆರಳು ಇಟ್ಟುಕೊಂಡು ಸುಮ್ಮನೆ ಕೂತೆ. ಮೇಷ್ಟ್ರು ತಾವೇ ಹೂವಿಟ್ಟ ಹಾಗೆ ಇಳಿಸಿದರು. ಇಳಿದ ಮೇಲೆ ನಾನು, "ಥ್ಯಾಂಕ್ಸ್ ಮೇಷ್ಟ್ರೇ, ನೀವು ಇಲ್ದಿದ್ರೆ ಇವತ್ತು ಗೋವಿಂದ" ಎಂದೆ. ಅವರು ತಿರುಗಿ, "ನಾನೇನು ಮಾಡ್ದೆ? ಕೈ ತೊಡೆ ಮೇಲಿತ್ತು. ಇಳಿಸಿದ್ದು ನೀನೇ ಕಣಮ್ಮ" ಎಂದರು. ನನ್ನ ಧೈರ್ಯ ಹೆಚ್ಚಲಿ ಎಂದು ಹೇಳಿದ್ದಿರಬೇಕು. ಒಳ್ಳೆಯ ಮನುಷ್ಯ.

ನಿನ್ನ ಮೊದ್ದು

*

ಮಾರ್ಚ್ ೧೨

ಮೊದ್ದು,

ಕಾಗದ ಬಂತು. ಅಂಗಡಿಯಲ್ಲಿ ಕೆಲಸ ಬಹಳ. ಹನ್ನೊಂದು ಹೊಲಿಗೆ ಮಶೀನು ಹೊಟ್ಟೆ ಬಿಚ್ಚಿಕೊಂಡು ನೆಲದ ಮೇಲೆ ಮಲಗಿವೆ, ನೋಡಿದರೆ ಆಸ್ಪತ್ರೆ ಅನ್ನಬೇಕು.

ಮುಂದಿನ ಸಲ ಇಳಿಯುವಾಗ ನಿನ್ನ ಮೇಷ್ಟ್ರಿಗೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಳ್ಳಲು ಹೇಳು. ನಿನ್ನ ಕಣ್ಣಿಗೆ ಕಾಣುವ ಹಾಗೆ. ನಾಚಿಕೆ ಬೇಡ, ಕೇಳು.

ವಿಮಾನದ ಬಣ್ಣ ಯಾವುದು? ಸುಮ್ಮನೆ ಕೇಳಿದೆ.

ಅಣ್ಣ

ನಿನ್ನ ಅತ್ತಿಗೆಯ ಎರಡು ಸಾಲು: ಇವರಿಗೆ ಹೊಸದೊಂದು ಚಾಳಿ ಶುರುವಾಗಿದೆ. ಸಂಜೆ ನಾಲ್ಕು ಹೊಡೆಯಿತೆಂದರೆ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಗೊರಕೆ. ಗಿರಾಕಿಗಳು ನೋಡಿ ನಗುತ್ತಾರೆ. ವಯಸ್ಸಾಯಿತು ನಿಮ್ಮಣ್ಣನಿಗೆ, ಒಪ್ಪಿಕೊಳ್ಳಲು ಹೇಳು.

*

ಮಾರ್ಚ್ ೨೦

ಅಣ್ಣಾ,

ಕೇಳಿದೆ. ಮೇಷ್ಟ್ರು ಮೊದಲು ನಕ್ಕರು, "ಪೊಲೀಸ್ನೋರು ಹಿಡಿದ ಕಳ್ಳನ ಥರಾನಾ?" ಎಂದರು, ಆಮೇಲೆ ಎರಡೂ ಕೈ ಬೋಳುತಲೆಯ ಮೇಲೆ ಇಟ್ಟುಕೊಂಡರು. ಹತ್ತು ಬೆರಳನ್ನೂ ಎಣಿಸಿದೆ.

ನಾನು ಬೇಕೆಂದೇ ಸ್ಟಿಕ್ಕಿನ ಮೇಲೆ ಕೈ ಸಡಿಲ ಬಿಟ್ಟೆ. ಎಂಜಿನ್ ತಗ್ಗಿಸಿದ ಮೇಲೆ ಗಾಳಿಯ ಸದ್ದು ಮಾತ್ರ. ಹುಲ್ಲು ಎಳೆಎಳೆಯಾಗಿ ಕಾಣುವಷ್ಟು ಹತ್ತಿರ ಬಂದೆವು. ಆಗ ಸ್ಟಿಕ್ಕು ಮೂರು ಸಲ ತಟ್ಟಿತು. ಅದಾಗಿ ಅದೇ. ಎರಡು ಸಲ ನಿಧಾನವಾಗಿ, ಒಂದು ಸಲ ಜೋರಾಗಿ. ಮೂರನೆಯದಕ್ಕೆ ಮೆಲ್ಲಗೆ ಹಿಂದೆ ಬಂತು, ನನ್ನ ಅಂಗೈ ಒಳಗೆ ಬಂದು ಕೂತಿತು, ಮಗು ಬಂದು ಮಡಿಲಲ್ಲಿ ಕೂರುತ್ತದಲ್ಲ, ಹಾಗೆ. ಚಕ್ರ ನೆಲ ಮುಟ್ಟಿದ್ದು ಗೊತ್ತೇ ಆಗಲಿಲ್ಲ.

ಮೇಷ್ಟ್ರು, "ಹುಟ್ಟಾ ಹಾರೋಳು ಕಣೇ ನೀನು" ಎಂದು ಶೆಡ್ಡಿನವರಿಗೆಲ್ಲ ಕೇಳುವ ಹಾಗೆ ಕೂಗಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಏನು ಹೇಳಲಿ? ಅದು ನಾನಲ್ಲ ಅಂತಲೇ? ಹಲ್ಲು ಕಿರಿದೆ. ರೂಮಿಗೆ ಬಂದು ಬಾಗಿಲು ಹಾಕಿಕೊಂಡು ದೀಪ ಆರಿಸದೆ ಮಲಗಿದೆ. ಆದರೆ ಸುಳ್ಳೇಕೆ ಹೇಳಲಿ, ಸಂತೋಷವೂ ಆಯಿತು. ಯಾರೋ ನನ್ನನ್ನು ಜೋಪಾನ ಮಾಡುತ್ತಿದ್ದಾರೆ ಅನಿಸಿತು.

ಇದನ್ನು ನಿನಗೊಬ್ಬನಿಗೇ ಹೇಳಿದ್ದು. ವಿಮಾನ ನೀಲಿ ಬಣ್ಣ.

ಮೊದ್ದು

*

ಏಪ್ರಿಲ್ ೨

ಅಣ್ಣಾ,

ಉತ್ತರ ಯಾಕಿಲ್ಲ? ಹುಚ್ಚು ಹಿಡಿದಿದೆ ನನಗೆ ಅಂದುಕೊಂಡೆಯಾ? ಬೈದಾದರೂ ಬರಿ.

ಈ ಹದಿನೈದು ದಿನದಲ್ಲಿ ಇಪ್ಪತ್ತೆರಡು ಸಲ ಇಳಿದೆ. ಇಪ್ಪತ್ತೆರಡು ಸಲವೂ ಅದೇ ಮೂರು ತಟ್ಟು. ಈಗೀಗ ಹೆದರಿಕೆ ಹೋಗಿ ಅಭ್ಯಾಸವಾಗಿದೆ. ನೆಲ ಹತ್ತಿರ ಬಂದಾಗ ಬೆರಳು ಸಡಿಲಿಸಿ ಕಾಯುತ್ತೇನೆ.

ನೀನು ಬಣ್ಣ ಕೇಳಿದ್ದೆಯಲ್ಲ, ನಿನ್ನೆ ಮುಂದಿನ ಸೀಟಿನ ಕೆಳಗೆ ಧೂಳು ಒರೆಸುವಾಗ ನೀಲಿ ಬಣ್ಣ ಚಕ್ಕೆ ಎದ್ದಿತ್ತು. ಕೆಳಗೆ ಹಳದಿ. ಮೇಷ್ಟ್ರನ್ನು ಕೇಳಿದರೆ ಮಾತು ಹಾರಿಸಿದರು. ಹುಲ್ಲು ಕತ್ತರಿಸುವ ಗಾಡಿ ಓಡಿಸುವಾಕೆ ಹೇಳಿದಳು. ಹನ್ನೊಂದು ವರ್ಷದ ಹಿಂದೆ ಇದೇ ವಿಮಾನ ಮೂಗು ಕೆಳಗಾಗಿ ಬಿತ್ತಂತೆ. ಮೊದಲ ಸಲ ಒಬ್ಬನೇ ಹಾರಲು ಹೋದ ಒಬ್ಬ ಟೈಲರ್ ಸತ್ತನಂತೆ. ಮುರಿದದ್ದನ್ನೆಲ್ಲ ಸರಿ ಮಾಡಿ ನೀಲಿ ಬಳಿದರಂತೆ. ಈಗಿನ ಮೇಷ್ಟ್ರು ಬಂದದ್ದು ಆಮೇಲೆ. ಆಗಿದ್ದ ಮೇಷ್ಟ್ರು ಮುರಿದ ವಿಮಾನದ ಹತ್ತಿರಕ್ಕೂ ಹೋಗದೆ ಅವತ್ತೇ ಊರು ಬಿಟ್ಟು ಓಡಿದನಂತೆ. ಎಂಥ ಹೇಡಿ ಇರಬೇಕು ಹೇಳು!

ಮೊದ್ದು

*

ಏಪ್ರಿಲ್ ೫

ಮೊದ್ದು,

ನಿನ್ನ ಮಾರ್ಚ್ ಇಪ್ಪತ್ತರ ಕಾಗದ ಕೈಯಲ್ಲಿ ಹಿಡಿದು ಒಂದು ವಾರ ಕೂತಿದ್ದೆ.

ಕಲಿಯುವುದನ್ನು ನಿಲ್ಲಿಸು. ಒಬ್ಬಳೇ ಹಾರಲು ಹೋಗು ಅಂದರೆ ಹೋಗಬೇಡ. ಜ್ವರ ಅನ್ನು, ಕಾಲು ಉಳುಕಿತು ಅನ್ನು. ಊರಿಗೆ ಬಾ. ಟೈಪಿಸ್ಟ್ ಕೆಲಸ ಇನ್ನೊಂದು ಸಿಗುತ್ತದೆ. ಕಾರಣ ಕೇಳಬೇಡ.

ಅಣ್ಣ

*

ಏಪ್ರಿಲ್ ೧೩

ಅಣ್ಣಾ,

ಕಾರಣ ಕೇಳುವುದಿಲ್ಲ, ನನಗೆ ಗೊತ್ತು. ಹೊಟ್ಟೆಕಿಚ್ಚು. ನೀನು ಬಿಟ್ಟದ್ದನ್ನು ನಾನು ಹಿಡಿದೆ, ಚೆನ್ನಾಗಿ ಮಾಡುತ್ತಿದ್ದೇನೆ, ಅದನ್ನು ಸಹಿಸಲು ನಿನ್ನಿಂದ ಆಗುತ್ತಿಲ್ಲ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು "ಹಾರು ಹಾರು" ಎಂದು ಓಡುತ್ತಿದ್ದವನು ನೀನೇನಾ?

ಇಪ್ಪತ್ತೊಂಬತ್ತನೇ ತಾರೀಖು, ಸಂಜೆ ನಾಲ್ಕಕ್ಕೆ, ನಾನು ಒಬ್ಬಳೇ ಹಾರುತ್ತೇನೆ. ಮೇ ಇಪ್ಪತ್ತಕ್ಕೆ ಪರೀಕ್ಷೆ, ಬೇರೆ ಮೈದಾನದಲ್ಲಿ, ಬೇರೆ ವಿಮಾನದಲ್ಲಿ. ಪಾಸಾದರೆ ಇಲ್ಲೇ ಕೆಲಸ ಕೊಡುತ್ತಾರೆ. ಪಾಸಾಗೇ ಆಗುತ್ತೇನೆ. ಮೇಷ್ಟ್ರಿಗೆ ಒಂದೇ ಕೊರಗು. ಅವರ ಶಿಷ್ಯರೆಲ್ಲ ಇಲ್ಲಿ ಹಂಸದ ಹಾಗೆ ಇಳಿಯುತ್ತಾರೆ, ಪರೀಕ್ಷೆಗೆ ಹೋದರೆ ದಬಕ್ಕೆಂದು ಬೀಳುತ್ತಾರೆ. ಹೋದ ವರ್ಷ ಒಬ್ಬಳು ಕಾಲು ಮುರಿದುಕೊಂಡು ಬಂದಳಂತೆ. "ಪರೀಕ್ಷೆ ಅಂದ್ರೆ ಎಲ್ರಿಗೂ ಪುಕ್ಕಲು ಕಣಮ್ಮ, ನೀನಾದ್ರೂ ನನ್ನ ಮಾನ ಉಳಿಸು" ಎನ್ನುತ್ತಾರೆ. ಉಳಿಸುತ್ತೇನೆ.

ಅತ್ತಿಗೆಗೆ ನಮಸ್ಕಾರ. ನಿನಗೆ ಇಲ್ಲ.

*

ಏಪ್ರಿಲ್ ೨೦

ಮೊದ್ದು,

ನಿನ್ನ ಎರಡೂ ಕಾಗದ ಒಟ್ಟಿಗೆ ಓದಿದೆ. ಇನ್ನು ಮುಚ್ಚಿಟ್ಟರೆ ನಾನು ಮನುಷ್ಯನಲ್ಲ.

ಆ ಹೇಡಿ ನಾನೇ. ನನ್ನ ಕಿವಿಗೆ ಏನೂ ಆಗಿಲ್ಲ. ನಿನಗಾಗ ಹದಿನಾರು ವರ್ಷ, ಕಿವಿ ಎಂದರೆ ನಂಬಿದೆ. ಮನೆಯಲ್ಲಿ ಎಲ್ಲರೂ ನಂಬಿದರು. ನಾನು ಕಲಿಸುತ್ತಿದ್ದದ್ದು ಅದೇ ಮೈದಾನದಲ್ಲಿ ಎಂದು ಯಾರಿಗೂ ಹೇಳಿರಲಿಲ್ಲ.

ಟೈಲರಿಗೆ ನಲವತ್ತೈದು, ನನಗೆ ಮೂವತ್ತು. ಆದರೂ ನನ್ನನ್ನು ಸಾರ್ ಅನ್ನುತ್ತಿದ್ದರು. ಹಾರುವ ಹುಚ್ಚಿಗೆ ಮನೆಯವರಿಂದ ಬೈಸಿಕೊಂಡು ವಾರಕ್ಕೆ ಒಂದು ದಿನ ಬರುತ್ತಿದ್ದರು. ನಾನು ಏನು ಮಾಡಿದರೂ ಅದನ್ನೇ ಮಾಡುತ್ತಿದ್ದರು. ನಾನು ಕೊರಳು ಬಲಕ್ಕೆ ವಾಲಿಸಿದರೆ ಅವರೂ ವಾಲಿಸುವರು.

ಇಳಿಯುವಾಗ ನನಗೊಂದು ಅಭ್ಯಾಸವಿತ್ತು. ಸ್ಟಿಕ್ಕಿಗೆ ಉಂಗುರದ ಬೆರಳಿನಿಂದ ಮೂರು ಸಲ ತಟ್ಟುತ್ತಿದ್ದೆ. ತಡಿ, ತಡಿ, ಈಗ. ಹಿಂದೆ ಕೂತವನಿಗೆ ಯಾವಾಗ ಎಳೆಯಬೇಕು ಎಂದು ತಿಳಿಯಲಿ ಅಂತ. ಮೂರನೆಯ ತಟ್ಟಿನ ಜೊತೆಗೇ ನಾನೂ ಒಂದಿಷ್ಟು ಎಳೆಯುತ್ತಿದ್ದೆ, ನನಗೇ ಗೊತ್ತಾಗದ ಹಾಗೆ. ಅವರು ಇಳಿಸುತ್ತಿದ್ದಾರೆ ಎಂದು ನಾನು ತಿಳಿದೆ, ತಾವೇ ಇಳಿಸುತ್ತಿದ್ದೇವೆ ಎಂದು ಅವರು ತಿಳಿದರು. ಇಳಿಸುತ್ತಿದ್ದದ್ದು ನಾನು. ಐವತ್ತು ಸಲ ಅವರನ್ನು ಹೀಗೆ ಇಳಿಸಿ, ಐವತ್ತೊಂದನೆಯ ಸಲ, "ಇನ್ನು ನೀವೊಬ್ಬರೇ ಹೋಗಿ ಬನ್ನಿ ಟೈಲರೇ" ಎಂದು ಕೆಳಗಿಳಿದು ಹುಲ್ಲಿನ ಮೇಲೆ ಕೂತೆ.

ಅವರು ಚೆನ್ನಾಗಿಯೇ ಬಂದರು. ಎತ್ತರ ಸರಿ, ವೇಗ ಸರಿ. ನೆಲ ಹತ್ತಿರ ಬಂತು. ಎಳೆಯಲಿಲ್ಲ. ನನ್ನ ಕಣ್ಣೆದುರಿಗೇ ಎಳೆಯಲಿಲ್ಲ. ಅವರು ಕಾಯುತ್ತಿದ್ದರು ಮೊದ್ದು, ಆ ಮೂರು ತಟ್ಟಿಗೆ.

ನಾನು ಹತ್ತಿರ ಹೋಗಲಿಲ್ಲ. ನಾಲ್ಕು ತಿಂಗಳಾದ ಮೇಲೆ ಅವರ ಮನೆಗೆ ಹೋದೆ. ಅವರ ಹೆಂಡತಿ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಹೊಲಿಗೆ ಮಶೀನು ಕೆಟ್ಟು ಮೂಲೆಯಲ್ಲಿತ್ತು. ಬಿಚ್ಚಿ ಸರಿಮಾಡಿ ಕೊಟ್ಟೆ. ಈ ಕಸುಬು ಶುರುವಾದದ್ದು ಹೀಗೆ.

ಈಗ ಕೇಳು. ನಿನ್ನ ಸ್ಟಿಕ್ಕು ತಟ್ಟುತ್ತಿರುವುದು ನಾನೇ ಎಂದು ನನಗೆ ಅನಿಸುತ್ತಿದೆ. ನಗಬೇಡ. ನಾಲ್ಕು ಗಂಟೆಗೆ ಕಣ್ಣು ತಾನಾಗಿ ಮುಚ್ಚುತ್ತದೆ, ಎದ್ದಾಗ ಬಲಗೈ ಮುಷ್ಟಿ ಕಟ್ಟಿರುತ್ತದೆ, ಅಂಗೈ ಬೆವರಿರುತ್ತದೆ. ಮೂಗಿನಲ್ಲಿ ಕತ್ತರಿಸಿದ ಹುಲ್ಲಿನ ವಾಸನೆ. ನನ್ನ ಪಾಪ ನನ್ನನ್ನು ಬಿಟ್ಟಿಲ್ಲ. ಟೈಲರಿಗೆ ಮಾಡಿದ್ದನ್ನೇ ನಿನಗೂ ಮಾಡುತ್ತಿದ್ದೇನೆ. ನೀನು ಇವತ್ತಿನವರೆಗೂ ಒಂದು ಸಲವೂ ಇಳಿಸಿಲ್ಲ, ಪರೀಕ್ಷೆಯ ವಿಮಾನದಲ್ಲಿ ಯಾರೂ ತಟ್ಟುವುದಿಲ್ಲ.

ಇಪ್ಪತ್ತೊಂಬತ್ತಕ್ಕೆ ಹೋಗಬೇಡ ಎಂದರೆ ನೀನು ಕೇಳುವವಳಲ್ಲ. ಹಾಗಾಗಿ ಅವತ್ತು ನಾನು ನಿದ್ದೆ ಮಾಡುವುದಿಲ್ಲ. ನನ್ನ ಕೈ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ತಟ್ಟಿಗೆ ಕಾಯಬೇಡ. ನೀನೇ ಎಳಿ.

ಅಣ್ಣ

*

ಏಪ್ರಿಲ್ ೨೯, ಸಂಜೆ ಐದೂವರೆ

ಮೊದ್ದು,

ಆಯಿತು. ಮೂರೂವರೆಗೇ ಅಂಗಡಿ ಬಾಗಿಲು ಹಾಕಿ, ಅಡುಗೆಮನೆಯ ಮೇಜಿನ ಮುಂದೆ ಕೂತೆ. ನಿನ್ನ ಅತ್ತಿಗೆಗೆ ಎಲ್ಲ ಹೇಳಿದೆ, ಟೈಲರ ವಿಷಯವನ್ನೂ. ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದು ಕೂತಳು. "ಮದುವೆ ಆದಮೇಲೆ ಇಷ್ಟು ಹೊತ್ತು ಕೈ ಹಿಡ್ಕೊಂಡಿದ್ದು ಇದೇ ಮೊದ್ಲು, ಅದಕ್ಕೂ ನಿಮ್ ತಂಗಿ ಹಾರ್ಬೇಕಾಯ್ತು" ಎಂದಳು.

ನಾಲ್ಕು ಹೊಡೆಯಿತು. ನಾಲ್ಕೂಕಾಲು. ನಿದ್ದೆ ಬರಲಿಲ್ಲ. ಕೈ ಅಲುಗಲಿಲ್ಲ, ಬೆರಳು ಮಿಸುಕಲಿಲ್ಲ. ಐದರವರೆಗೂ ಅವಳು ಬಿಡಲಿಲ್ಲ.

ನಾನು ಕೈ ಬಿಟ್ಟೆ. ನಿನ್ನನ್ನು ನೀನೇ ಇಳಿಸಿಕೊಂಡೆ, ನನಗೆ ಗೊತ್ತು. ಕುಣಿಯಬೇಕು ಅನ್ನಿಸುತ್ತಿದೆ. ಎಷ್ಟು ಸಲ ಪುಟಿದೆ ಬರಿ, ನಾಚಿಕೊಳ್ಳಬೇಡ.

ಅಣ್ಣ

*

ಏಪ್ರಿಲ್ ೨೯, ಸಂಜೆ

ಅಣ್ಣಾ,

ನಿನ್ನ ಕಾಗದ ಮೊನ್ನೆ ಬಂತು. ಹೊಟ್ಟೆಕಿಚ್ಚು ಎಂದು ಬರೆದ ಈ ಕೈ ಬಿದ್ದುಹೋಗಲಿ. ಹನ್ನೊಂದು ವರ್ಷ ಇದನ್ನು ಒಬ್ಬನೇ ಹೇಗೆ ಹೊತ್ತೆ? ನಿನ್ನ ಮೇಲೆ ಸಿಟ್ಟಿಲ್ಲ. ಆದರೆ ಇವತ್ತಿನ ವಿಷಯಕ್ಕೆ ಸಿಟ್ಟಿದೆ, ಅದನ್ನು ಹೇಳಿಯೇ ತೀರುತ್ತೇನೆ.

ಕೈ ತೆಗೆಯುತ್ತೇನೆ ಎಂದಿದ್ದೆ. ಯಾಕೆ ತೆಗೆಯಲಿಲ್ಲ?

ಮೇಷ್ಟ್ರು ಇಳಿದು, ಮುಂದಿನ ಸೀಟಿನ ಬೆಲ್ಟನ್ನು ಬಿಗಿದು ಕಟ್ಟಿ, ನನ್ನ ಭುಜ ತಟ್ಟಿ ಹೋದರು. ಖಾಲಿ ಸೀಟಿನ ಮೇಲಿಂದ ಮೊದಲ ಸಲ ಇಡೀ ಆಕಾಶ ಕಂಡಿತು. ಒಂದು ಸುತ್ತು ಹಾಕಿ ಬಂದೆ. ನಾನೇ ಎಳೆಯಬೇಕು, ನಾನೇ ಎಳೆಯಬೇಕು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಾ ಸ್ಟಿಕ್ಕು ಗಟ್ಟಿಯಾಗಿ ಹಿಡಿದೆ. ಅದು ನನಗಿಂತ ಗಟ್ಟಿ ಹಿಡಿಯಿತು. ನಾನು ಎಳೆದರೆ ಬರಲಿಲ್ಲ. ಸುಮ್ಮನಿರು ಎನ್ನುವ ಹಾಗೆ ತಡೆದು, ತಟ್ಟಿ, ತಾನೇ ಇಳಿಸಿತು. ನಾನು ಕಿರುಚಿದೆ. ಯಾರಿಗೆ ಕೇಳಬೇಕು? ಮೇಷ್ಟ್ರು ಓಡಿ ಬಂದು ಸಂತೋಷಕ್ಕೆ ಕಿರುಚಿದೆ ಎಂದು ತಿಳಿದು ತಬ್ಬಿಕೊಂಡರು.

ಬೆಲ್ಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಸೀಟಿನ ದಿಂಬು ಮಾತ್ರ ತಗ್ಗಿತ್ತು.

ಇನ್ನೊಂದು ಕೇಳಬೇಕು. ನೀನು ಉಂಗುರದ ಬೆರಳಿನಿಂದ ತಟ್ಟುತ್ತಿದ್ದೆ ಎಂದು ಬರೆದೆ. ಬೆರಳಿಗೆ ಏನು ಹಾಕಿಕೊಂಡು ತಟ್ಟುತ್ತೀಯ? ಮೊದಲಿನಿಂದಲೂ ಕೇಳಬೇಕೆಂದಿದ್ದೆ. ಬರಿಯ ಬೆರಳು ತಟ್ಟಿದ ಹಾಗಲ್ಲ ಅದು. ಲೋಹಕ್ಕೆ ಲೋಹ ತಾಗಿದ ಹಾಗೆ, ಟಿಕ್, ಟಿಕ್, ಟಿಕ್. ಕೈಗೆ ತಿಳಿಯುತ್ತದೆ.

ಮೊದ್ದು

*

ಮೇ ೬

ಮೊದ್ದು,

ನಾನು ಬೆರಳಿಗೆ ಏನನ್ನೂ ಹಾಕುತ್ತಿರಲಿಲ್ಲ. ಉಂಗುರವೂ ಇಲ್ಲ.

ಟೈಲರು ಹಾಕುತ್ತಿದ್ದರು. ಸೂಜಿ ಚುಚ್ಚದ ಹಾಗೆ ಬೆರಳ ತುದಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿ. ಅಂಗಡಿಯಿಂದ ನೇರ ಮೈದಾನಕ್ಕೆ ಬರುವಾಗ ತೆಗೆಯಲು ಮರೆಯುತ್ತಿದ್ದರು. ನಾನು ನಗುತ್ತಿದ್ದೆ. ಅವರು ನನ್ನಿಂದ ಎಲ್ಲವನ್ನೂ ಕಲಿತರು ಅಂದೆನಲ್ಲ. ತಟ್ಟುವುದನ್ನೂ ಕಲಿತಿದ್ದರು.

ಅದು ನಾನಲ್ಲ. ಯಾವತ್ತೂ ನಾನಾಗಿರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ನಿದ್ದೆ ಹೋದವನು ಬರೀ ನಿದ್ದೆ ಹೋಗಿದ್ದ. ಮುಷ್ಟಿ, ಹುಲ್ಲಿನ ವಾಸನೆ ಎಲ್ಲ ಹಳೆಯ ನೆನಪಿನ ಕನಸು.

ಅವರಿಗೆ ಕೆಟ್ಟದ್ದು ಮಾಡುವ ಮನಸ್ಸಿಲ್ಲ. ತಮಗೆ ಅವತ್ತು ಸಿಗದ ಮೂರು ತಟ್ಟನ್ನು ಮುಂದೆ ಬಂದವರಿಗೆಲ್ಲ ಕೊಡುತ್ತಿದ್ದಾರೆ. ನಿನ್ನ ಮೇಷ್ಟ್ರ ಶಿಷ್ಯರು ಅಲ್ಲಿ ಹಂಸ, ಪರೀಕ್ಷೆಗೆ ಹೋದರೆ ದಬಕ್ಕ್ ಯಾಕೆ ಎಂದು ಈಗ ತಿಳಿಯಿತಲ್ಲ.

ಹದಿನಾಲ್ಕಕ್ಕೆ ಬರುತ್ತೇನೆ. ಅಲ್ಲಿಯವರೆಗೆ ವಿಮಾನ ಮುಟ್ಟಬೇಡ. ಮುಂದಿನ ಸೀಟಿನಲ್ಲಿ ನಾನು ಕೂರುತ್ತೇನೆ ಎಂದು ಮೇಷ್ಟ್ರಿಗೆ ಹೇಳು. ನಾನು ಯಾರು ಎಂಬುದನ್ನೂ ಹೇಳು.

ಅಣ್ಣ

*

ಮೇ ೨೩

ಅಣ್ಣಾ,

ಪಾಸು! ಪರೀಕ್ಷೆ ಮಾಡಿದವರು ಇಳಿದ ಮೇಲೆ ಬೆನ್ನು ಹಿಡಿದುಕೊಂಡು, "ಏನಮ್ಮಾ, ಇದು ಇಳಿದದ್ದಾ ಬಿದ್ದದ್ದಾ?" ಎಂದರು. "ಎರಡೂ ನಾನೇ ಸಾರ್" ಎಂದೆ. ನಕ್ಕು ಸಹಿ ಹಾಕಿದರು. ಮುಂದಿನ ತಿಂಗಳಿಂದ ಇಲ್ಲೇ ಕೆಲಸ.

ನೀನು ಬಂದ ದಿನದ ಬಗ್ಗೆ ನಾವಿಬ್ಬರೂ ಮಾತೇ ಆಡಲಿಲ್ಲ. ಇಳಿದ ಕೂಡಲೇ ನೀನು ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೊರಟೆ, ಮೇಷ್ಟ್ರು ಟೀ ಕುಡಿದು ಹೋಗಿ ಎಂದರೂ ನಿಲ್ಲಲಿಲ್ಲ. ಹಾಗಾಗಿ ಹಿಂದಿನ ಸೀಟಿನಿಂದ ಕಂಡದ್ದನ್ನು ನಾನು ಬರೆಯುತ್ತೇನೆ, ಮುಂದಿನದ್ದನ್ನು ನೀನು ಬರಿ.

ಎಂಜಿನ್ ತಗ್ಗಿಸಿದೆ. ಸ್ಟಿಕ್ಕು ಬಿಗಿಯಾಯಿತು, ಯಾವಾಗಿನ ಹಾಗೆ. ನಿನ್ನ ಬಲಭುಜ ಮುಂದಕ್ಕೆ ಬಾಗಿತು. ನೀನು ಏನೋ ಮಾತಾಡಿದೆ, ಗಾಳಿಯಲ್ಲಿ ನನಗೆ ಕೇಳಲಿಲ್ಲ. ನಿನ್ನ ಬೆನ್ನು ಅಳುವವರ ಬೆನ್ನಿನ ಹಾಗೆ ಅಲುಗುತ್ತಿತ್ತು. ಆಮೇಲೆ ಸ್ಟಿಕ್ಕು ಒಮ್ಮೆಗೇ ಹಗುರವಾಯಿತು. ಎಷ್ಟು ಹಗುರ ಅಂದರೆ ಮುರಿದೇ ಹೋಯಿತೇನೋ ಎಂದು ಹೆದರಿದೆ. ನಿನ್ನ ಎರಡೂ ಮೊಣಕೈ ಸೀಟಿನ ಅಂಚಿಗೆ ಬಂದದ್ದು ಕಂಡಿತು, ಕೈ ತೊಡೆಯ ಕೆಳಗೆ ಹಾಕಿಕೊಂಡೆ ಎಂದು ತಿಳಿಯಿತು.

ನೆಲ ಬಂತು. ಯಾರೂ ತಟ್ಟಲಿಲ್ಲ. ನೀನೂ ತಟ್ಟಲಿಲ್ಲ. ಅಣ್ಣಾ, ಆ ಒಂದು ಕ್ಷಣ ನಾನು ಕಾದೆ. ಎಲ್ಲ ಗೊತ್ತಿದ್ದೂ ಕಾದೆ. ಆ ಟೈಲರು ಹೇಗೆ ಸತ್ತರು ಎಂದು ಆಗ ತಿಳಿಯಿತು. ಆಮೇಲೆ ಹುಲ್ಲು ಮುಖಕ್ಕೆ ರಾಚುವ ಹಾಗೆ ಬಂದಾಗ ಎಳೆದೆ. ಧಡ್ ಎಂದು ಬಡಿಯಿತು, ಪುಟಿಯಿತು, ಮತ್ತೆ ಬಡಿಯಿತು, ಮತ್ತೆ ಪುಟಿಯಿತು. ಬಾಲದ ಚಕ್ರ ಸೊಟ್ಟಗಾಯಿತು. ಮೇಷ್ಟ್ರು ತಲೆ ಹಿಡಿದುಕೊಂಡರು. ಅಷ್ಟು ಕೆಟ್ಟದಾಗಿ ಈ ಮೈದಾನದಲ್ಲಿ ಯಾರೂ ಇಳಿದೇ ಇರಲಿಲ್ಲವಂತೆ. ನನಗೆ ಮಾತ್ರ ನಗು ತಡೆಯಲಾಗಲಿಲ್ಲ.

ಅವತ್ತಿನಿಂದ ಇಲ್ಲಿ ಯಾರಿಗೂ ಇಳಿಯಲು ಬರುತ್ತಿಲ್ಲ. ಹಂಸಗಳೆಲ್ಲ ಕೋಳಿಗಳಾಗಿವೆ. ಮೇಷ್ಟ್ರು ಪಾಪ ಮೊದಲಿನಿಂದ ಪಾಠ ಶುರುಮಾಡಿದ್ದಾರೆ. ನಾನು ಎಷ್ಟು ಸಲ ಹಾರಿದರೂ ಸ್ಟಿಕ್ಕು ಬರೀ ಸ್ಟಿಕ್ಕು.

ಅವರಿಗೆ ಏನು ಹೇಳಿದೆ? ಅವರು ಎಲ್ಲಿ ಹೋದರು?

ಮೊದ್ದು

*

ಮೇ ೩೧

ಮೊದ್ದು,

ನಿನ್ನ ಕಾಗದವನ್ನು ಅತ್ತಿಗೆ ಅಕ್ಕಪಕ್ಕದ ಮನೆಗೆಲ್ಲ ಓದಿ ಹೇಳಿ ಬಂದಳು, ಬೇಕಾದಷ್ಟೇ ಭಾಗ. ನನಗೆ ನಿನ್ನ ಮೇಲೆ ಎಷ್ಟು ಹೆಮ್ಮೆ ಎಂದು ಬರೆಯಲು ಬರುವುದಿಲ್ಲ. ಆ ಧಡ್ ಎನ್ನುವ ಸದ್ದು ಕೇಳಿದಾಗ ನನಗಾದ ಸಂತೋಷ ಹನ್ನೊಂದು ವರ್ಷದಲ್ಲಿ ಆಗಿರಲಿಲ್ಲ.

ಕೇಳಿದ್ದಕ್ಕೆ ಹೇಳುತ್ತೇನೆ. ಸ್ಟಿಕ್ಕು ಬಿಗಿಯಾದಾಗ ಅದರ ಮೇಲೆ ಕೈಯಿಟ್ಟೆ. ನನ್ನ ಕೈಯ ಕೆಳಗೆ ಇನ್ನೊಂದು ಕೈ ಇತ್ತು. ತಣ್ಣಗಿತ್ತು, ಒರಟಾಗಿತ್ತು, ಉಂಗುರದ ಬೆರಳಿನ ತುದಿ ಲೋಹ. "ಟೈಲರೇ, ಬಿಡಿ. ಅವಳು ಇಳಿಸ್ತಾಳೆ. ನಾನು ನಿಮಗೆ ಕಲಿಸಲೇ ಇಲ್ಲ, ತಪ್ಪು ನಂದು, ನಿಮ್ದಲ್ಲ" ಎಂದೆ. ಆ ಕೈ ಬಿಡಲಿಲ್ಲ. ನೆಲ ಬರುತ್ತಿತ್ತು. ಹೋಗಿ ಎನ್ನಬೇಕಿತ್ತು. ಆದರೆ ಬಾಯಿಗೆ ಬಂದದ್ದು, "ಬನ್ನಿ, ನನ್ನ ಜೊತೆ ಬನ್ನಿ" ಎಂಬ ಮಾತು. ಬಿಟ್ಟರು.

ತಟ್ಟದೆ ಕೂತಿದ್ದೆನಲ್ಲ, ನನ್ನ ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ.

ಟೀ ಕುಡಿಯಲು ನಿಲ್ಲದೆ ಓಡಿದ್ದು ಯಾಕೆ ಎಂದರೆ, ಕರೆದ ಮೇಲೆ ಕಾಯಿಸಬಾರದು ಅನಿಸಿತು. ಬಸ್ಸು ತುಂಬಿತ್ತು, ಬಾಗಿಲವರೆಗೂ ಜನ ನಿಂತಿದ್ದರು. ನನ್ನ ಪಕ್ಕದ ಸೀಟಿನಲ್ಲಿ ಮಾತ್ರ ದಾರಿಯುದ್ದಕ್ಕೂ ಯಾರೂ ಕೂರಲಿಲ್ಲ. ಕಂಡಕ್ಟರ್ ಬಂದು ಆ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಇಬ್ಬರಾ?" ಎಂದ. ಹೌದು ಎಂದೆ.

ಅತ್ತಿಗೆಗೆ ಹೇಳಿದ್ದೇನೆ. ಎರಡು ದಿನ ತವರಿಗೆ ಹೋಗುತ್ತೇನೆ ಎಂದು ರಂಪ ಮಾಡಿದಳು, ಹೋಗಲಿಲ್ಲ. ಈಗ ಅಂಗಡಿಗೆ ಬರುವ ಮುಂಚೆ ಕೆಮ್ಮಿ ಬರುತ್ತಾಳೆ. ರಿಪೇರಿಯಾದ ಮಶೀನನ್ನು ಹರಕು ಬಟ್ಟೆಯ ಮೇಲೆ ಓಡಿಸಿ ನೋಡುವಾಗ ನನ್ನ ಹೊಲಿಗೆ ಯಾವಾಗಲೂ ಸೊಟ್ಟ. ಈ ಹದಿನೈದು ದಿನದಿಂದ ನೂಲು ಹಿಡಿದ ಹಾಗೆ ನೇರವಾಗಿ ಹೋಗುತ್ತಿದೆ. ಬಟ್ಟೆ ತಳ್ಳುವ ನನ್ನ ಕೈಯ ಮೇಲೆ ತಣ್ಣನೆಯ ಭಾರ ಇರುತ್ತದೆ.

ನೀನು ಹೆದರಬೇಡ, ನನ್ನನ್ನು ಯಾವ ಡಾಕ್ಟರಿಗೂ ತೋರಿಸಬೇಡ. ಕೈ ಎಳೆದುಕೊಂಡರೆ ಹೋಗಿಬಿಡುತ್ತಾರೇನೋ. ಎಳೆದುಕೊಳ್ಳುವುದಿಲ್ಲ. ಅವರನ್ನು ಒಂದು ಸಲ ಒಬ್ಬರನ್ನೇ ಕಳಿಸಿದ್ದೇ ಸಾಕು.

ಅಣ್ಣ